ಕೋರ್ಟಿನ ಡಿಕ್ರಿ ಎಲ್ಲಿದೆ? ಮದುವೆ ನಿಶ್ಚಯವಾಗುವ ಮೊದಲೇ ಕೇಳಬೇಕಾದ ಪ್ರಶ್ನೆ

ಕ್ರಿಸ್ಮಸ್ ಕಳೆದು ತಪಸ್ಸು ಕಾಲ ಆರಂಭವಾಗುವ ತನಕ ಕರಾವಳಿಯ ಚರ್ಚುಗಳಲ್ಲಿ ಮದುವೆಗಳ ಸುಗ್ಗಿ. ಗಲ್ಫ್‌ನಿಂದ ಮೂರು ವಾರದ ರಜೆಯಲ್ಲಿ ಬಂದವರು ಹಾಲ್ ಗೊತ್ತು ಮಾಡಿ, ಕಾರ್ಡ್ ಅಚ್ಚು ಹಾಕಿಸಿ, ಕೊನೆಗೆ ವಿಗಾರರ ಕಚೇರಿಗೆ ಬರುತ್ತಾರೆ. ವರ ಅಥವಾ ವಧುವಿಗೆ ಇದು ಎರಡನೇ ಮದುವೆ ಎಂದಾದರೆ ವಿಗಾರರು ಕೇಳುವ ಮೊದಲ ಪ್ರಶ್ನೆ, "ಕೋರ್ಟಿನ ಡಿಕ್ರಿ ಎಲ್ಲಿದೆ?" ಹಲವು ಸಲ ಬರುವ ಉತ್ತರ ಹೀಗಿರುತ್ತದೆ: "ಡೈವೋರ್ಸ್ ಆಗಿ ಹತ್ತು ವರ್ಷ ಆಯ್ತು ಫಾದರ್. ಪೇಪರ್ ಎಲ್ಲಾ ವಕೀಲರ ಹತ್ತಿರ ಇತ್ತು. ಅವರು ಈಗ ಇಲ್ಲ."

ಅಲ್ಲಿಂದ ಓಡಾಟ ಶುರುವಾಗುತ್ತದೆ. ಯಾವ ಕೋರ್ಟು, ಯಾವ ವರ್ಷ, ಕೇಸಿನ ನಂಬ್ರ ಎಷ್ಟು ಎಂಬುದು ಯಾರಿಗೂ ನೆನಪಿಲ್ಲ. ಕೆಲವೊಮ್ಮೆ ಹುಡುಕುತ್ತಾ ಹೋದಾಗ ಇನ್ನೂ ಕಹಿಯಾದ ಸಂಗತಿ ಗೊತ್ತಾಗುತ್ತದೆ. ಡಿಕ್ರಿ ಆಗಿಯೇ ಇಲ್ಲ! ಕಾನೂನಿನ ಕಣ್ಣಿನಲ್ಲಿ ಮೊದಲ ಮದುವೆ ಇನ್ನೂ ಜೀವಂತವಾಗಿದೆ.

ಈ ವಿಷಯವನ್ನು ಚರ್ಚಿನಲ್ಲಿ ಮಾತನಾಡಲು ನಮಗೆ ಸಂಕೋಚ. ವಿಚ್ಛೇದನದ ಬಗ್ಗೆ ಬರೆದರೆ ವಿಚ್ಛೇದನಕ್ಕೆ ಪ್ರೋತ್ಸಾಹ ಕೊಟ್ಟಂತೆ ಎಂಬ ಭಯ ಬೇರೆ. ಆದರೆ ನಮ್ಮ ವಾಳೆಗಳಲ್ಲಿ ಬೇರೆಯಾಗಿ ಬದುಕುತ್ತಿರುವ ದಂಪತಿಗಳಿದ್ದಾರೆ, ಅವರಿಗೆ ಮಕ್ಕಳಿದ್ದಾರೆ, ಆಸ್ತಿಯ ಪ್ರಶ್ನೆಗಳಿವೆ. ದಾಖಲೆ ಎಲ್ಲಿ ಸಿಗುತ್ತದೆ, ಹೇಗೆ ಸಿಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಪಾಲನಾ ಸೇವೆಯ ಭಾಗವೇ ಆಗಿದೆ.

ವಿಚ್ಛೇದನಕ್ಕೆ ರಿಜಿಸ್ಟರ್ ಇಲ್ಲ

ಮೊದಲು ಒಂದು ತಪ್ಪು ತಿಳುವಳಿಕೆ ದೂರವಾಗಬೇಕು. ಜನನ ಮತ್ತು ಮರಣಗಳನ್ನು 1969ರ ಕಾಯ್ದೆಯಂತೆ ಪಂಚಾಯತ್, ನಗರಸಭೆಗಳಲ್ಲಿ ನೋಂದಾಯಿಸುತ್ತಾರೆ. ಚರ್ಚಿನಲ್ಲಿ ನಡೆಯುವ ಮದುವೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಚರ್ಚಿನ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಆದರೆ ವಿಚ್ಛೇದನಕ್ಕೆ ನಮ್ಮ ರಾಜ್ಯದಲ್ಲಿ ಇಂತಹ ರಿಜಿಸ್ಟರ್ ಇಲ್ಲ. ತಾಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ನಗರಸಭೆ ಎಲ್ಲಿ ಕೇಳಿದರೂ "ಡೈವೋರ್ಸ್ ಸರ್ಟಿಫಿಕೇಟ್" ಎಂಬ ಕಾಗದ ಸಿಗುವುದಿಲ್ಲ. ನ್ಯಾಯಾಲಯದ ಡಿಕ್ರಿಯೇ ಏಕೈಕ ದಾಖಲೆ. ಅದು ಇರುವುದು ತೀರ್ಪು ಕೊಟ್ಟ ನ್ಯಾಯಾಲಯದ ಕಡತದಲ್ಲಿ ಮಾತ್ರ.

ನ್ಯಾಯಾಲಯ ಡಿಕ್ರಿ ಕೊಟ್ಟ ಮೇಲೆ ಅದನ್ನು ಮದುವೆ ನಡೆದ ಚರ್ಚಿಗೆ ಕಳುಹಿಸುವ ಪದ್ಧತಿಯೂ ಇಲ್ಲ. ಹಾಗಾಗಿ ದಂಪತಿ ಬೇರೆಯಾಗಿ ಇಪ್ಪತ್ತು ವರ್ಷ ಕಳೆದರೂ ಚರ್ಚಿನ ಪುಸ್ತಕದಲ್ಲಿ ಅವರು ವಿವಾಹಿತರೇ. ಕಾಗದವನ್ನು ತಂದು ತೋರಿಸುವ ಜವಾಬ್ದಾರಿ ಪೂರ್ತಿಯಾಗಿ ಸಂಬಂಧಪಟ್ಟವರ ಮೇಲಿದೆ.

ಎರಡು ಕಾಗದ, ಎರಡು ಅರ್ಥ

ಕಥೋಲಿಕರಿಗೆ ಇಲ್ಲಿ ಎರಡು ಬಾಗಿಲುಗಳಿವೆ. ಒಂದು ಸರಕಾರದ ಕೋರ್ಟು, ಇನ್ನೊಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿ. ಕೋರ್ಟಿನ ಡಿಕ್ರಿ ಕಾನೂನಿನ ಬಂಧನವನ್ನು ಬಿಡಿಸುತ್ತದೆ. ಧರ್ಮಸಭೆಯ ನ್ಯಾಯಮಂಡಳಿ ಕೊಡುವ ಅನೂರ್ಜಿತತೆಯ ತೀರ್ಪು, ಸಂಸ್ಕಾರ ರೂಪದ ವಿವಾಹ ಆರಂಭದಿಂದಲೇ ಸಿಂಧುವಾಗಿರಲಿಲ್ಲ ಎಂದು ಘೋಷಿಸುತ್ತದೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಇದು ನಮ್ಮ ಕರಾವಳಿಗೆ ಹತ್ತಿರದ ವಿಷಯ. ಚರ್ಚಿನ ನ್ಯಾಯಮಂಡಳಿಯ ತೀರ್ಪಿಗೆ ಸರಕಾರಿ ಕಾನೂನಿನ ಮಾನ್ಯತೆ ಬೇಕೆಂದು ಮಂಗಳೂರಿನ ಹಿರಿಯ ವಕೀಲರೂ ಕಥೋಲಿಕ್ ಮುಖಂಡರೂ ಆದ ಕ್ಲಾರೆನ್ಸ್ ಪಾಯ್ಸ್ ಅವರು ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. 2017ರ ಜನವರಿಯಲ್ಲಿ ಅದು ವಜಾ ಆಯಿತು. 1996ರ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿದ್ದನ್ನೇ ನ್ಯಾಯಾಲಯ ಮತ್ತೆ ಹೇಳಿತು: ಕ್ರೈಸ್ತರ ಮದುವೆಯನ್ನು ಕಾನೂನಿನ ಪ್ರಕಾರ ಬಿಡಿಸುವ ಅಧಿಕಾರ ವಿಚ್ಛೇದನ ಕಾಯ್ದೆಯ ಅಡಿಯ ನ್ಯಾಯಾಲಯಕ್ಕೆ ಮಾತ್ರ ಇದೆ. ಚರ್ಚಿನ ತೀರ್ಪನ್ನಷ್ಟೇ ನಂಬಿ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವದ ದೂರು ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಂತೆ ಇದಕ್ಕೆ ಏಳು ವರ್ಷಗಳ ತನಕ ಸಜೆ ಇದೆ.

ಇನ್ನೊಂದು ಬದಿಯಲ್ಲಿ, ಕೋರ್ಟಿನ ಡಿಕ್ರಿ ಮಾತ್ರ ಹಿಡಿದುಕೊಂಡು ಬಂದವರಿಗೆ ಚರ್ಚಿನಲ್ಲಿ ಮದುವೆ ಮಾಡಿಸಲು ವಿಗಾರರಿಗೆ ಅಧಿಕಾರವಿಲ್ಲ. ಹಿಂದಿನ ವಿವಾಹದ ಅನೂರ್ಜಿತತೆ ನಿಯಮ ಪ್ರಕಾರ ಖಚಿತವಾಗುವ ತನಕ ಇನ್ನೊಂದು ವಿವಾಹ ಸಲ್ಲದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1085ನೇ ಕ್ಯಾನನ್ ಹೇಳುತ್ತದೆ. ಆದುದರಿಂದ ಎರಡೂ ಕಾಗದ ಬೇಕು.

ಕಡತ ಇರುವುದು ಎಲ್ಲಿ?

ಯಾವ ನ್ಯಾಯಾಲಯದಲ್ಲಿ ಹುಡುಕಬೇಕು ಎಂಬುದಕ್ಕೆ 1869ರ ವಿಚ್ಛೇದನ ಕಾಯ್ದೆಯಲ್ಲೇ ಸುಳಿವು ಇದೆ. ಮದುವೆ ನಡೆದ ಜಿಲ್ಲೆ, ಗಂಡ ಹೆಂಡತಿ ವಾಸವಿರುವ ಜಿಲ್ಲೆ, ಅಥವಾ ಅವರು ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಜಿಲ್ಲೆ, ಈ ಮೂರರಲ್ಲಿ ಒಂದರ ನ್ಯಾಯಾಲಯದಲ್ಲಿ ಅರ್ಜಿ ಹಾಕಿರುತ್ತಾರೆ. ಮದುವೆ ಮೂಡುಬಿದಿರೆಯಲ್ಲಿ ನಡೆದು ದಂಪತಿ ಬೆಂಗಳೂರಿನಲ್ಲಿ ಮನೆ ಮಾಡಿದ್ದರೆ ಕಡತ ಬೆಂಗಳೂರಿನಲ್ಲಿ ಇರಬಹುದು. ಮದುವೆ ನಡೆದ ಸ್ಥಳದಲ್ಲೂ ಅರ್ಜಿ ಹಾಕಬಹುದು ಎಂಬುದು 2001ರ ತಿದ್ದುಪಡಿಯಲ್ಲಿ ಸೇರಿದ ಅಂಶ.

ಈಗ ಇಂತಹ ಪ್ರಕರಣಗಳು ಹೆಚ್ಚಾಗಿ ಕೌಟುಂಬಿಕ ನ್ಯಾಯಾಲಯದಲ್ಲಿ ನಡೆಯುತ್ತವೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ನೋಡಬೇಕು. ಕರ್ನಾಟಕದಲ್ಲಿ ಕೇಸಿನ ನಂಬ್ರ "ಎಂ.ಸಿ." ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕಾಸರಗೋಡಿನ ಚರ್ಚುಗಳವರು ಕೇರಳದ ನ್ಯಾಯಾಲಯಗಳಲ್ಲಿ ವಿಚಾರಿಸಬೇಕು. ಅಲ್ಲಿ ಸಾಮಾನ್ಯವಾಗಿ "ಒ.ಪಿ." ಎಂದು ಬರೆಯುತ್ತಾರೆ.

ಹಳೆಯ ಪ್ರಕರಣಗಳಿಗೆ ಜಿಲ್ಲೆಯ ಚರಿತ್ರೆ ನೆನಪಿರಬೇಕು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಮೊದಲು ಕುಂದಾಪುರ, ಕಾರ್ಕಳ ಎಲ್ಲವೂ ದಕ್ಷಿಣ ಕನ್ನಡವೇ. ಆ ಕಾಲದ ಕಡತಕ್ಕೆ ಮಂಗಳೂರಿನಲ್ಲೂ ವಿಚಾರಿಸಬೇಕು. ಹಾಗೆಯೇ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2012ರಲ್ಲಿ. ಅದರ ಹಿಂದಿನ ಚರ್ಚ್ ನ್ಯಾಯಮಂಡಳಿಯ ಪ್ರಕರಣಗಳಿಗೆ ಮಂಗಳೂರು ಬಿಷಪರ ಕಚೇರಿಯಲ್ಲಿ ಕೇಳುವುದು ಸರಿ.

2001ಕ್ಕಿಂತ ಹಿಂದಿನ ಡಿಕ್ರಿಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಆಗಿನ ಕಾನೂನಿನಲ್ಲಿ ಕ್ರೈಸ್ತರಿಗೆ ಜಿಲ್ಲಾ ನ್ಯಾಯಾಧೀಶರು ಕೊಟ್ಟ ವಿಚ್ಛೇದನ ಪೂರ್ಣವಾಗಬೇಕಾದರೆ ಹೈಕೋರ್ಟ್ ಅದನ್ನು ಸ್ಥಿರೀಕರಿಸಬೇಕಿತ್ತು. ಈ ನಿಯಮ ಹೋದದ್ದು 2001ರ ತಿದ್ದುಪಡಿಯಿಂದ, ಅದು ಜಾರಿಗೆ ಬಂದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಆದುದರಿಂದ 1990ರ ದಶಕದ ಡಿಕ್ರಿ ಕೈಯಲ್ಲಿದ್ದರೆ, ಅದರ ಜೊತೆ ಹೈಕೋರ್ಟಿನ ಸ್ಥಿರೀಕರಣದ ಆದೇಶ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಹುಡುಕಿಸಬೇಕು. ಜಿಲ್ಲಾ ಕೋರ್ಟಿನ ಕಾಗದವನ್ನು ನೋಡಿ "ಎಲ್ಲ ಸರಿ ಇದೆ" ಎಂದು ಹೇಳುವ ಮೊದಲು ಇದನ್ನು ಗಮನಿಸದಿದ್ದರೆ ಮುಂದೆ ಕಷ್ಟ.

ನಕಲು ಪಡೆಯುವ ವಿಧಾನ

ಕೇಸಿನ ನಂಬ್ರ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ ಮತ್ತು ನ್ಯಾಯಾಲಯ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ನಮ್ಮ ಹೆಸರುಗಳ ಸ್ಪೆಲ್ಲಿಂಗ್ ನಾನಾ ರೀತಿ. ಡಿಸೋಜ, ಡಿಸೂಜ, ಪಿಂಟೊ, ಪಿಂಟೋ ಹೀಗೆ ಬೇರೆ ಬೇರೆ ರೀತಿಯಲ್ಲಿ ಹಾಕಿ ನೋಡಬೇಕು. ಪ್ರತಿ ಕೇಸಿಗೆ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದು ಸಿಕ್ಕಿದರೆ ಬರೆದಿಟ್ಟುಕೊಳ್ಳಿ. ಹಳೆಯ ಕೇಸುಗಳು ಜಾಲತಾಣದಲ್ಲಿ ಸಿಗದಿದ್ದರೆ, ಅಂದಾಜು ವರ್ಷ ಹೇಳಿ ನ್ಯಾಯಾಲಯದ ಕಚೇರಿಯಲ್ಲಿ ಹಳೆಯ ರಿಜಿಸ್ಟರ್ ಹುಡುಕಿಸಬೇಕು. ಅಂದಿನ ವಕೀಲರು ತೀರಿಹೋಗಿದ್ದರೂ ಅವರ ಕಿರಿಯ ವಕೀಲರ ಬಳಿ ಡೈರಿ ಇರುವುದುಂಟು.

ಕಂಪ್ಯೂಟರಿನಿಂದ ಮುದ್ರಿಸಿದ ಹಾಳೆ ಮಾಹಿತಿಗೆ ಮಾತ್ರ ಸಾಕು. ಚರ್ಚಿಗಾಗಲಿ, ಪಾಸ್‌ಪೋರ್ಟ್ ಕಚೇರಿಗಾಗಲಿ ಬೇಕಾದದ್ದು ದೃಢೀಕೃತ ನಕಲು. ಅದಕ್ಕೆ ತೀರ್ಪು ಕೊಟ್ಟ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಕೊಡಬೇಕು. ಕೇಸಿನ ನಂಬ್ರ, ಇಬ್ಬರ ಹೆಸರು, ತೀರ್ಪಿನ ದಿನಾಂಕ, ಯಾವ ಯಾವ ಕಾಗದ ಬೇಕು ಎಂಬುದನ್ನು ಬರೆದು ನಿಗದಿತ ಶುಲ್ಕ ಕಟ್ಟಬೇಕು. ಕಕ್ಷಿದಾರರು ಸ್ವತಃ ಕೊಡಬಹುದು, ವಕೀಲರ ಮೂಲಕವೂ ಕೊಡಬಹುದು. ವಿದೇಶದಲ್ಲಿ ಇರುವವರು ಊರಿನ ವಕೀಲರಿಗೆ ವಕಾಲತ್ತು ಕಳುಹಿಸಿದರೆ ಸಾಕು.

ಅರ್ಜಿಯಲ್ಲಿ "ಜಡ್ಜ್‌ಮೆಂಟ್ ಮತ್ತು ಡಿಕ್ರಿ" ಎರಡನ್ನೂ ಕೇಳಿ. ಜಡ್ಜ್‌ಮೆಂಟ್‌ನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ಅಂತಿಮ ಆದೇಶ ಇರುತ್ತದೆ. ಎರಡು ಮೂರು ಪ್ರತಿ ಒಟ್ಟಿಗೆ ಪಡೆಯುವುದು ಜಾಣತನ. ನ್ಯಾಯಾಲಯಗಳು ಹಳೆಯ ಕಡತಗಳ ಇತರ ಕಾಗದಗಳನ್ನು ನಿಗದಿತ ಅವಧಿಯ ನಂತರ ನಾಶ ಮಾಡುತ್ತವೆ. ಸಾಕ್ಷ್ಯ, ಫೋಟೊ, ಮದುವೆಯ ಮೂಲ ಸರ್ಟಿಫಿಕೇಟ್ ಇಂತಹವು ಕಡತದಲ್ಲಿ ಉಳಿದಿದ್ದರೆ ತಡಮಾಡದೆ ಹಿಂದಕ್ಕೆ ಪಡೆಯಬೇಕು.

ಸಿಕ್ಕಿದ ನಕಲಿನಲ್ಲಿ ನ್ಯಾಯಾಲಯದ ಮೊಹರಿನ ಜೊತೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ನಮೂದಾಗಿರುತ್ತದೆ. ಅದನ್ನು ಕಡೆಗಣಿಸಬೇಡಿ. ಅಪೀಲಿನ ಅವಧಿ ಲೆಕ್ಕ ಹಾಕುವಾಗ ನಕಲು ಪಡೆಯಲು ತಗಲಿದ ದಿನಗಳನ್ನು ಬಿಡಲಾಗುತ್ತದೆ.

ಖರ್ಚಿಗೆ ದಾರಿ ಇಲ್ಲದ ಮಹಿಳೆಯರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕು ಇದೆ. ಇದು ನಮ್ಮ ಸ್ತ್ರೀ ಸಂಘಟನೆಗಳ ಸಭೆಗಳಲ್ಲಿ ತಿಳಿಸಬೇಕಾದ ವಿಷಯ.

ಬೇರೆಯವರ ಡಿಕ್ರಿ ಕೇಳಬಹುದೇ?

ಮಗಳಿಗೆ ಬಂದ ಸಂಬಂಧ ವಿಚ್ಛೇದಿತನದ್ದಾದರೆ ಅವನ ಕಾಗದವನ್ನು ನೋಡಬೇಕೆಂದು ತಂದೆಗೆ ಅನಿಸುವುದು ಸಹಜ. ಆದರೆ ಕೌಟುಂಬಿಕ ಪ್ರಕರಣಗಳು ಇಬ್ಬರ ಖಾಸಗಿ ಬದುಕಿಗೆ ಸೇರಿದವು, ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಪ್ರಕರಣಕ್ಕೆ ಸೇರದವರು ನಕಲು ಕೇಳಬೇಕಾದರೆ ಯಾಕೆ ಬೇಕು ಎಂಬುದನ್ನು ಪ್ರಮಾಣಪತ್ರದಲ್ಲಿ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ಪ್ರಯೋಜನವಿಲ್ಲ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿದೆ.

ನೇರ ದಾರಿ ಸುಲಭದ್ದು. ವರನಲ್ಲೇ ಕೇಳಬೇಕು. ಅವನು ಕಕ್ಷಿದಾರ, ಅವನಿಗೆ ನಕಲು ಸಿಗುತ್ತದೆ. ಕೇಳಿದಾಗ ಕೊಡದೆ ನೆಪ ಹೇಳುತ್ತಿದ್ದರೆ ಅದೇ ಒಂದು ಉತ್ತರ. ಮಾತುಕತೆಯ ಮೊದಲ ದಿನವೇ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ರೋಸ್ ಸಂಭ್ರಮದ ಹಿಂದಿನ ದಿನ ಕೇಳಿದರೆ ಎರಡೂ ಮನೆಯವರಿಗೆ ಅವಮಾನ.

ಡಿಕ್ರಿ ಅಲ್ಲದ ಕಾಗದಗಳು

ಚರ್ಚ್ ಕಚೇರಿಗೆ ತರುವ ಕಾಗದಗಳಲ್ಲಿ ಹಲವು ವಿಚ್ಛೇದನದ ಕಾಗದವೇ ಅಲ್ಲ. ಸ್ಟಾಂಪ್ ಪೇಪರಿನಲ್ಲಿ ಇಬ್ಬರೂ ಸಹಿ ಹಾಕಿ ನೋಟರಿಯಿಂದ ಮುದ್ರೆ ಒತ್ತಿಸಿದ ಕರಾರಿಗೆ ಮದುವೆ ಬಿಡಿಸುವ ಶಕ್ತಿ ಇಲ್ಲ. ಜೀವನಾಂಶದ ಆದೇಶ ವಿಚ್ಛೇದನ ಅಲ್ಲ. ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿ ಬೇರೆಯಾಗಿ ವಾಸಿಸಲು ಅನುಮತಿ ಕೊಡುತ್ತದೆ, ಮರುಮದುವೆಗೆ ಅಲ್ಲ.

ಹೆಚ್ಚು ಜನ ಎಡವುವುದು ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ. ಕ್ರೈಸ್ತರಿಗೆ ಈ ಅವಕಾಶ ಬಂದದ್ದು 2001ರ ತಿದ್ದುಪಡಿಯ 10ಎ ಕಲಮಿನಿಂದ. ಅರ್ಜಿ ಹಾಕಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಕೋರಿಕೊಂಡ ಮೇಲೆಯೇ ಡಿಕ್ರಿ ಎಂದು ಆ ಕಲಮು ಹೇಳುತ್ತದೆ. ಅರ್ಜಿಗೆ ಸಹಿ ಹಾಕಿದ ದಿನವೇ ಎಲ್ಲ ಮುಗಿಯಿತೆಂದು ತಿಳಿದು ವಿಮಾನ ಹತ್ತಿದವರ ಕೇಸು ಹಾಗೆಯೇ ವಜಾ ಆಗಿರುತ್ತದೆ. ಅವರ ಕೈಯಲ್ಲಿ ಇರುವುದು ಅರ್ಜಿಯ ಪ್ರತಿ ಮಾತ್ರ.

ಎದುರು ಕಕ್ಷಿದಾರರು ಹಾಜರಾಗದೆ ಏಕಪಕ್ಷೀಯವಾಗಿ ಆದ ಡಿಕ್ರಿಯನ್ನೂ ಜಾಗ್ರತೆಯಿಂದ ನೋಡಬೇಕು. ತನಗೆ ಸಮನ್ಸ್ ತಲುಪಲೇ ಇಲ್ಲ ಎಂದು ಅವರು ಅದನ್ನು ರದ್ದು ಮಾಡಿಸಲು ಕೇಳಬಹುದು. ಅಪೀಲಿನ ಅವಧಿ ಮುಗಿದ ಮೇಲೆ, ಅಥವಾ ಅಪೀಲು ವಜಾ ಆದ ಮೇಲೆಯೇ ಮರುಮದುವೆಗೆ ಕಾಯ್ದೆಯ 57ನೇ ಕಲಮು ಅನುಮತಿ ಕೊಡುತ್ತದೆ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 30 ದಿನ ಇದೆ. ಒಪ್ಪಿಗೆಯ ಡಿಕ್ರಿಯ ಮೇಲೆ ಅಪೀಲು ಇಲ್ಲ. ಹೈಕೋರ್ಟಿನ ಜಾಲತಾಣದಲ್ಲೂ ಒಮ್ಮೆ ಹೆಸರು ಹಾಕಿ ನೋಡುವುದು ಒಳ್ಳೆಯದು.

ವಿದೇಶದ ಕೋರ್ಟಿನಿಂದ ತಂದ ಡಿಕ್ರಿಗಳ ವಿಷಯ ಬೇರೆ. ಇಲ್ಲಿ ಮದುವೆಯಾದವರಿಗೆ ಅಲ್ಲಿ ಸಿಕ್ಕಿದ ವಿಚ್ಛೇದನ ಭಾರತದಲ್ಲಿ ತಾನಾಗಿ ಊರ್ಜಿತವಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನ ಪರೀಕ್ಷೆಯನ್ನು ಅದು ದಾಟಬೇಕು. ಎದುರು ಕಕ್ಷಿಗೆ ತಿಳಿಯದೆ, ಅವರ ಒಪ್ಪಿಗೆ ಇಲ್ಲದೆ ಪಡೆದದ್ದಾದರೆ ತೊಂದರೆ ಖಂಡಿತ. ಇಲ್ಲಿನ ಡಿಕ್ರಿಯನ್ನು ಹೊರದೇಶದಲ್ಲಿ ತೋರಿಸಬೇಕಾದವರು ರಾಜ್ಯ ಸರಕಾರದ ದೃಢೀಕರಣ ಮತ್ತು ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮಾಡಿಸಬೇಕು. ಅಪಾಸ್ಟಿಲ್ ಒಪ್ಪಂದದಲ್ಲಿ ಇಲ್ಲದ ದೇಶಗಳಿಗೆ ಆ ದೇಶದ ದೂತಾವಾಸದ ಮುದ್ರೆ ಬೇಕಾಗುತ್ತದೆ.

ಚರ್ಚಿನ ಪುಸ್ತಕ ಏನು ಹೇಳುತ್ತದೆ?

ಸರಕಾರಕ್ಕೆ ಇಲ್ಲದ ಒಂದು ಒಳ್ಳೆಯ ಪದ್ಧತಿ ಧರ್ಮಸಭೆಯಲ್ಲಿದೆ. ಅನೂರ್ಜಿತತೆಯ ತೀರ್ಪು ಅಂತಿಮವಾದ ಮೇಲೆ ಅದನ್ನು ಮದುವೆ ಮತ್ತು ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಮರುಮದುವೆಗೆ ನಿರ್ಬಂಧ ಇದ್ದರೆ ಅದನ್ನೂ ಬರೆಯಬೇಕು. ಹಾಗಾಗಿಯೇ ಮದುವೆಗೆ ಮೊದಲು ಹೊಸದಾಗಿ ತೆಗೆದ ಜ್ಞಾನಸ್ನಾನದ ಸರ್ಟಿಫಿಕೇಟ್ ತರಲು ಹೇಳುವುದು. ಟ್ರಂಕಿನಲ್ಲಿ ಇಟ್ಟ ಹಳೆಯ ಸರ್ಟಿಫಿಕೇಟ್ ಸಾಲದು ಎಂದಾಗ ಕೆಲವರು ಸಿಟ್ಟಾಗುತ್ತಾರೆ. ಕಾರಣ ಇದೇ.

ತಮ್ಮ ಸ್ಥಿತಿಗತಿಗೆ ಸಂಬಂಧಿಸಿದ, ಸ್ವಭಾವತಃ ಸಾರ್ವಜನಿಕವಾದ ಚರ್ಚ್ ದಾಖಲೆಗಳ ಅಧಿಕೃತ ಪ್ರತಿ ಪಡೆಯಲು ಸಂಬಂಧಪಟ್ಟವರಿಗೆ ಹಕ್ಕಿದೆ ಎಂದು 487ನೇ ಕ್ಯಾನನ್ ಹೇಳುತ್ತದೆ. ಅದು ಉಪಕಾರ ಅಲ್ಲ, ಹಕ್ಕು. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಮಾಡಿದ ಸುಧಾರಣೆಯಿಂದ ಮೇಲಿನ ನ್ಯಾಯಮಂಡಳಿ ಕಡ್ಡಾಯವಾಗಿ ಎರಡನೇ ತೀರ್ಪು ಕೊಡಬೇಕೆಂಬ ನಿಯಮ ಹೋಗಿದೆ. ಆದರೆ ಅದಕ್ಕಿಂತ ಹಿಂದಿನ ಪ್ರಕರಣಗಳಲ್ಲಿ ಎರಡನೇ ಹಂತದ ಸ್ಥಿರೀಕರಣ ಇದೆಯೇ ಎಂದು ನೋಡಬೇಕು.

ಯಾಕೆ ಇಷ್ಟು ಜಾಗ್ರತೆ?

"ಒಂದು ಕಾಗದಕ್ಕೆ ಇಷ್ಟು ರಗಳೆಯೇ" ಎಂದು ಕೇಳಬಹುದು. ಗಂಡ ಉಯಿಲು ಬರೆಯದೆ ತೀರಿಹೋದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತ ವಿಧವೆಗೆ ಆಸ್ತಿಯಲ್ಲಿ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಮೊದಲ ಮದುವೆಯ ಡಿಕ್ರಿ ಇಲ್ಲದಿದ್ದರೆ ಕಾನೂನಿನಲ್ಲಿ ವಿಧವೆ ಮೊದಲ ಹೆಂಡತಿಯೇ. ಹದಿನೈದು ವರ್ಷ ಸಂಸಾರ ಮಾಡಿ, ಕಾಯಿಲೆಯಲ್ಲಿ ನೋಡಿಕೊಂಡ ಎರಡನೆಯವಳು ಪಿಂಚಣಿಗೂ ಮನೆಗೂ ಹಕ್ಕಿಲ್ಲದೆ ನಿಲ್ಲುತ್ತಾಳೆ. ಅವಳ ಮಕ್ಕಳೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ತಪ್ಪು ಅವರದ್ದಲ್ಲ, ಯಾರೂ ಕೇಳದೇ ಇದ್ದ ಒಂದು ಪ್ರಶ್ನೆಯದ್ದು.

ವಿಚ್ಛೇದನದ ಕಾಗದ ಹುಡುಕಿಕೊಂಡು ಬಂದವರನ್ನು ಪಾಪಿಗಳಂತೆ ನೋಡುವುದೂ ಸರಿಯಲ್ಲ. ಕಾನೂನಿನ ಹಕ್ಕು, ಮಕ್ಕಳ ರಕ್ಷಣೆ, ಆಸ್ತಿಯ ರಕ್ಷಣೆಗೆ ಬೇರೆ ದಾರಿ ಇಲ್ಲದಿದ್ದರೆ ಸಿವಿಲ್ ವಿಚ್ಛೇದನವನ್ನು ಸಹಿಸಿಕೊಳ್ಳಬಹುದು ಎಂದು ಕಥೋಲಿಕ ಧರ್ಮಸಭೆಯ ಕ್ಯಾಟಕಿಸಂ ಹೇಳುತ್ತದೆ. ಡಿಕ್ರಿ ಪಡೆದು ಮರುಮದುವೆಯಾಗದೆ ಇರುವವರು ಆ ಒಂದೇ ಕಾರಣಕ್ಕೆ ಪರಮ ಪ್ರಸಾದದಿಂದ ದೂರವಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಹಿಂದಿನ ಬೆಂಚಿನಲ್ಲೇ ಕುಳಿತು ಮನೆಗೆ ಹೋಗುತ್ತಿದ್ದಾರೆ.

ನಾವು ಏನು ಮಾಡಬಹುದು?

ವಿಗಾರರು ಮದುವೆಯ ದಿನಾಂಕ ಕೊಡುವ ಮೊದಲೇ ಎರಡೂ ಕಾಗದ ನೋಡಲಿ, ಪ್ರತಿಯನ್ನು ಮದುವೆಯ ಕಡತದಲ್ಲಿ ಇಡಲಿ. ಸಂಶಯ ಇದ್ದರೆ ಧರ್ಮಪ್ರಾಂತ್ಯದ ನ್ಯಾಯಮಂಡಳಿಯನ್ನು ಕೇಳಲಿ. ವಿವಾಹ ಪೂರ್ವ ತರಬೇತಿ ಶಿಬಿರಗಳಲ್ಲಿ ಒಬ್ಬ ವಕೀಲರಿಂದ ಅರ್ಧ ಗಂಟೆಯ ಮಾಹಿತಿ ಇರಲಿ. ಗುರಿಕಾರರು ತಮ್ಮ ವಾಳೆಯಲ್ಲಿ ಬೇರೆಯಾಗಿರುವವರನ್ನು ಗುಟ್ಟಾಗಿ, ಗೌರವದಿಂದ ಮಾತನಾಡಿಸಿ, "ಕಾಗದ ಜಾಗ್ರತೆಯಾಗಿ ಇಟ್ಟಿದ್ದೀರಾ?" ಎಂದು ಒಮ್ಮೆ ಕೇಳಲಿ.

ಡಿಕ್ರಿ ಇರುವವರು ಇಂದೇ ಅದನ್ನು ತೆಗೆದು ನೋಡಿ. ಮೊಹರು ಇದೆಯೇ, ಹೆಸರು ಸರಿ ಇದೆಯೇ, ಅದು ಡಿಕ್ರಿಯೇ ಹೌದೇ ಎಂದು ಪರಿಶೀಲಿಸಿ. ಇಲ್ಲದವರು ನಾಳೆಯೇ ನಕಲಿಗೆ ಅರ್ಜಿ ಕೊಡಿ, ಮರುಮದುವೆಯ ಯೋಚನೆ ಇರಲಿ, ಇಲ್ಲದಿರಲಿ. ಆ ಕಾಗದವನ್ನು ತೆರೆದು ಓದುವುದು ನೋವಿನ ಕೆಲಸ ಎಂಬುದು ನಿಜ. ಆದರೆ ನಾಳೆ ಅದು ಬೇಕಾಗುವುದು ನಿಮಗಷ್ಟೇ ಅಲ್ಲ, ನಿಮ್ಮ ಮಕ್ಕಳಿಗೂ ಬೇಕಾಗುತ್ತದೆ.